ಇಂಗ್ಲಿಷ್ ವಾಕ್ಯ ಎಲ್ಲಿ ಕೆಟ್ಟಿದೆ? ಕನ್ನಡಿಗರಿಗೊಂದು ದೋಷ ನಿವಾರಣೆ ಕೈಪಿಡಿ

ಇಂಗ್ಲಿಷ್ ತಪ್ಪುಗಳನ್ನು ಕಂಡರೆ ಸಿಡಿಮಿಡಿಗೊಳ್ಳುವ ಜನ ಎಲ್ಲ ಕಡೆ ಇದ್ದಾರೆ. ಒಬ್ಬರಿಗೆ ‘ಪ್ರಿಪೋನ್’ ಅಂದರೆ ಆಗುವುದಿಲ್ಲ. ಇನ್ನೊಬ್ಬರಿಗೆ ‘ಡೂ ದ ನೀಡ್‌ಫುಲ್’ ಅಂದರೆ ಮೈ ಉರಿಯುತ್ತದೆ. ಮತ್ತೊಬ್ಬರು ವಾಕ್ಯದ ಕೊನೆಗೆ ‘ವಿತ್’ ಬಂದರೆ ಸಾಕು, ಕೆಂಪು ಗೆರೆ ಎಳೆದುಬಿಡುತ್ತಾರೆ. ಕಚೇರಿಯ ಮೇಲ್, ವರದಿ, ಅರ್ಜಿಗಳನ್ನು ತಿದ್ದುವ ಕೆಲಸದಲ್ಲಿ ನನಗೆ ಕಾಣುವುದೇ ಬೇರೆ. ನಿಜವಾಗಿ ಕೆಲಸ ಕೆಡಿಸುವ ತಪ್ಪುಗಳ ಮೇಲೆ ಯಾರೂ ಸಿಡುಕುವುದಿಲ್ಲ, ಯಾಕೆಂದರೆ ಅವು ಕಣ್ಣಿಗೇ ಬೀಳುವುದಿಲ್ಲ. ಜನ ಸಿಡುಕುವ ಎಷ್ಟೋ ವಿಷಯಗಳು ತಪ್ಪೇ ಅಲ್ಲ.

ಕನ್ನಡಿಗರ ಇಂಗ್ಲಿಷಿನಲ್ಲಿ ಬರುವ ದೋಷಗಳಿಗೆ ಇನ್ನೊಂದು ಗುಣ ಇದೆ. ಅವುಗಳಲ್ಲಿ ಹೆಚ್ಚಿನವು ಅಜ್ಞಾನದಿಂದ ಬಂದವಲ್ಲ. ಕನ್ನಡದಲ್ಲಿ ಪೂರ್ತಿ ಸರಿಯಾಗಿರುವ ಒಂದು ವಾಕ್ಯ ಹಾಗೇ ಇಂಗ್ಲಿಷಿಗೆ ದಾಟಿಕೊಂಡು ಬಂದಿರುತ್ತದೆ. ಹಾಗಾಗಿ ದೋಷದ ಮೂಲ ಹುಡುಕುವುದೂ ಸುಲಭ, ಪರೀಕ್ಷೆ ಮಾಡುವುದೂ ಸುಲಭ. ಪರೀಕ್ಷೆಗೆ ಬೇಕಾದ ಉಪಕರಣ ನಿಮ್ಮ ಬಾಯಲ್ಲೇ ಇದೆ.

ಮೊದಲ ಪರೀಕ್ಷೆ: ಓದಿದವರು ಏನು ಮಾಡುತ್ತಾರೆ?

ಒಂದು ವಾಕ್ಯ ಸರಿ ಇಲ್ಲ ಅನ್ನಿಸಿದ ಕೂಡಲೇ ವ್ಯಾಕರಣದ ಪುಸ್ತಕ ತೆಗೆಯಬೇಡಿ. ಕನ್ನಡ ಗೊತ್ತಿಲ್ಲದ, ಭಾರತದಲ್ಲಿ ಇಲ್ಲದ ಒಬ್ಬರು ಅದನ್ನು ಓದುತ್ತಿದ್ದಾರೆ ಎಂದುಕೊಳ್ಳಿ. ಓದಿ ಅವರು ತಪ್ಪು ಕೆಲಸ ಮಾಡುವ ಸಾಧ್ಯತೆ ಇದೆಯಾ? ಇದ್ದರೆ ಅದು ಮೊದಲ ದರ್ಜೆಯ ದೋಷ, ಈಗಲೇ ಸರಿಪಡಿಸಬೇಕು. ಅರ್ಥ ಆಗುತ್ತದೆ, ಆದರೆ ಓದುತ್ತಾ ಒಂದು ಕ್ಷಣ ತಡವರಿಸುತ್ತಾರೆ ಅಂದರೆ ಎರಡನೇ ದರ್ಜೆ. ಅರ್ಜಿ, ಕರಾರು, ಪ್ರಕಟಣೆಗಳಲ್ಲಿ ಅದನ್ನೂ ತಿದ್ದಬೇಕು. ತಡವರಿಸುವುದೂ ಇಲ್ಲ, ಯಾರೋ ಒಬ್ಬರಿಗೆ ಹಿಡಿಸುವುದಿಲ್ಲ ಅಷ್ಟೇ ಅಂದರೆ ಅಲ್ಲಿ ದೋಷವಿಲ್ಲ.

ಲಕ್ಷಣ: ‘ಯೆಸ್’ ಅಂದಿರಿ, ಅವರು ‘ನೋ’ ಅಂತ ತಿಳಿಯಬೇಕಿತ್ತು

ಇದನ್ನೇ ಮೊದಲು ಇಡುತ್ತೇನೆ. ಇದರಷ್ಟು ಸದ್ದಿಲ್ಲದೆ ಹಾನಿ ಮಾಡುವ ದೋಷ ಇನ್ನೊಂದಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ತಂಡ, ಅಮೆರಿಕದಲ್ಲಿರುವ ಮ್ಯಾನೇಜರ್. ಅವರು ಚಾಟ್‌ನಲ್ಲಿ ಕೇಳುತ್ತಾರೆ: ‘ಹ್ಯಾವಂಟ್ ಯು ಸೆಂಟ್ ದ ಫೈಲ್?’ ಫೈಲ್ ಇನ್ನೂ ಹೋಗಿಲ್ಲ. ಇಲ್ಲಿಂದ ಉತ್ತರ: ‘ಯೆಸ್.’ ಮ್ಯಾನೇಜರ್ ನಿಶ್ಚಿಂತೆಯಿಂದ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಫೈಲ್ ಹೋಗಿದೆ ಅಂತಲೇ ಅವರು ತಿಳಿದಿರುತ್ತಾರೆ.

ಮೂಲ ಎಲ್ಲಿದೆ ನೋಡಿ. ಕನ್ನಡದಲ್ಲಿ ‘ಫೈಲ್ ಇನ್ನೂ ಕಳಿಸಿಲ್ವಾ?’ ಅಂತ ಕೇಳಿದರೆ ‘ಹೌದು, ಕಳಿಸಿಲ್ಲ’ ಅನ್ನುತ್ತೇವೆ. ಕೇಳಿದವರ ಮಾತನ್ನು ಒಪ್ಪುತ್ತಿದ್ದೇವೆ. ನೀವು ಹೇಳಿದ್ದು ಸರಿ, ಕಳಿಸಿಲ್ಲ ಅಂತ. ಇಂಗ್ಲಿಷಿನ ‘ಯೆಸ್’ ಕೇಳಿದವರ ಮಾತಿನ ಕಡೆ ನೋಡುವುದೇ ಇಲ್ಲ. ಅದು ನೋಡುವುದು ಕೆಲಸದ ಕಡೆ. ಕಳಿಸಿದ್ದರೆ ‘ಯೆಸ್’, ಕಳಿಸದಿದ್ದರೆ ‘ನೋ’. ಪ್ರಶ್ನೆಯಲ್ಲಿ ‘ಇಲ್ಲ’ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ನಿವಾರಣೆಗೆ ಯಾವ ನಿಯಮವನ್ನೂ ಬಾಯಿಪಾಠ ಮಾಡಬೇಕಿಲ್ಲ. ಇಲ್ಲ ಎಂಬ ಅರ್ಥದ ಪ್ರಶ್ನೆ ಬಂದಾಗ ಒಂದೇ ಮಾತಿನಲ್ಲಿ ಉತ್ತರ ಕೊಡಬೇಡಿ. ‘ನಾಟ್ ಯೆಟ್, ವಿಲ್ ಸೆಂಡ್ ಬೈ ಫೋರ್’ ಅಂತ ಕೆಲಸದ ಸ್ಥಿತಿಯನ್ನೇ ಬರೆಯಿರಿ. ನೀವು ಕೇಳುವವರಾದರೆ ಪ್ರಶ್ನೆಯನ್ನೇ ನೇರ ಮಾಡಿ: ‘ಹ್ಯಾವ್ ಯು ಸೆಂಟ್ ಇಟ್?’

ಇದೇ ಜಾತಿಯ ಇನ್ನೊಂದು ಬಲೆ ‘ಡೂ ಯು ಮೈಂಡ್’. ‘ಮೀಟಿಂಗ್ ನಾಳೆಗೆ ಹಾಕಿದರೆ ಪರವಾಗಿಲ್ವಾ?’ ಅಂತ ಕನ್ನಡದಲ್ಲಿ ಕೇಳಿದರೆ ‘ಹೂಂ’ ಅಂದರೆ ಒಪ್ಪಿಗೆ. ಇಂಗ್ಲಿಷಿನಲ್ಲಿ ‘ಡೂ ಯು ಮೈಂಡ್’ ಅಂದರೆ ನಿಮಗೆ ತೊಂದರೆಯಾ ಅಂತ ಕೇಳಿದ ಹಾಗೆ. ಅದಕ್ಕೆ ‘ಯೆಸ್’ ಅಂದರೆ ಹೌದು, ತೊಂದರೆ ಅಂತ. ಇಲ್ಲೂ ‘ಟುಮಾರೋ ಈಸ್ ಫೈನ್’ ಅಂದುಬಿಟ್ಟರೆ ಯಾವ ಗೊಂದಲವೂ ಇಲ್ಲ.

ಲಕ್ಷಣ: ಪದ ಸರಿ ಇದೆ, ಆದರೆ ಓದಿದವರು ಬೇರೇನೋ ತಿಳಿದರು

‘ಐ ಹ್ಯಾವ್ ಎ ಡೌಟ್’ ನಮ್ಮ ಶಾಲೆಗಳಲ್ಲಿ ಹುಟ್ಟಿ ಬೆಳೆದ ಮಾತು. ಕೈ ಎತ್ತಿ ‘ಸರ್, ಡೌಟು’ ಅಂದರೆ ಒಂದು ಪ್ರಶ್ನೆ ಇದೆ ಅಂತ ಎಲ್ಲರಿಗೂ ಗೊತ್ತು. ಅದನ್ನೇ ಲಂಡನ್ನಿನಲ್ಲಿ ಕೂತ ಒಬ್ಬ ಎಂಜಿನಿಯರ್‌ಗೆ ‘ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಡಿಸೈನ್’ ಅಂತ ಬರೆದು ನೋಡಿ. ನೀವು ಅವರ ಕೆಲಸವನ್ನು ನಂಬುತ್ತಿಲ್ಲ ಎಂದು ಅವರು ಓದಿಕೊಳ್ಳುತ್ತಾರೆ. ಅವರ ಇಂಗ್ಲಿಷಿನಲ್ಲಿ ‘ಡೌಟ್’ ಅಂದರೆ ಅಪನಂಬಿಕೆ. ನೀವು ಕಲಿಯಲು ಕೇಳಿದಿರಿ, ಅವರು ಸಮರ್ಥನೆಗೆ ಇಳಿದರು. ‘ಐ ಹ್ಯಾವ್ ಎ ಕ್ವೆಶ್ಚನ್’ ಅಂದರೆ ಆಯಿತು.

‘ರಿವರ್ಟ್’ ಇನ್ನೂ ಸ್ವಲ್ಪ ಅಪಾಯದ್ದು. ನಮ್ಮಲ್ಲಿ ‘ಕೈಂಡ್ಲಿ ರಿವರ್ಟ್’ ಅಂದರೆ ದಯವಿಟ್ಟು ಉತ್ತರಿಸಿ. ಬೇರೆ ಕಡೆ ಅದರ ಅರ್ಥ ಮೊದಲಿದ್ದ ಸ್ಥಿತಿಗೆ ಮರಳುವುದು. ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶ ಬಳಸುವವರಿಗಂತೂ ‘ರಿವರ್ಟ್’ ಒಂದು ಆಜ್ಞೆಯ ಹೆಸರೇ ಆಗಿದೆ, ಹಿಂದೆ ಮಾಡಿದ ಬದಲಾವಣೆಯನ್ನು ರದ್ದು ಮಾಡುವ ಆಜ್ಞೆ. ಕೋಡ್ ಬಗ್ಗೆ ಮೇಲ್ ಬರೆದು ಕೊನೆಯಲ್ಲಿ ‘ಪ್ಲೀಸ್ ರಿವರ್ಟ್’ ಅಂತ ಹಾಕಿದರೆ ಓದಿದವರು ಏನು ಮಾಡಬೇಕು? ಉತ್ತರ ಬರೆಯಬೇಕಾ, ಮಾಡಿದ ಕೆಲಸ ಅಳಿಸಬೇಕಾ? ‘ರಿಪ್ಲೈ’ ಅನ್ನುವ ಸುಲಭದ ಪದ ಇರುವಾಗ ಈ ಅಪಾಯ ಯಾಕೆ?

‘ಐ ಪಾಸ್ಡ್ ಔಟ್ ಇನ್ 2015’ ಕೂಡ ಹೀಗೆಯೇ. ಬ್ರಿಟನ್ನಿನಲ್ಲಿ ಸೇನಾ ತರಬೇತಿ ಮುಗಿಸಿ ಹೊರಬರುವುದಕ್ಕೆ ಈ ಮಾತು ಇದೆ. ಉಳಿದ ಕಡೆ ‘ಪಾಸ್ಡ್ ಔಟ್’ ಅಂದರೆ ಎಚ್ಚರ ತಪ್ಪಿ ಬಿದ್ದರು ಅಂತ. ಕೆಲಸದ ಅರ್ಜಿಯಲ್ಲಿ ‘ಗ್ರಾಜುಯೇಟೆಡ್’ ಅಂತಲೇ ಬರೆಯಿರಿ.

ಈ ಮೂರನ್ನೂ ಭಾರತದೊಳಗಿನ ಮೇಲ್‌ನಲ್ಲಿ ಕಂಡರೆ ನಾನು ಮುಟ್ಟುವುದಿಲ್ಲ. ಇಲ್ಲಿ ಎಲ್ಲರಿಗೂ ಅವುಗಳ ಅರ್ಥ ಒಂದೇ. ದೋಷ ಹುಟ್ಟುವುದು ಆ ಮೇಲ್ ದೇಶ ದಾಟಿದಾಗ.

ಲಕ್ಷಣ: ಕಾಲ ತಪ್ಪಿದೆ

‘ಐ ಹ್ಯಾವ್ ಸೆಂಟ್ ದ ಫೈಲ್ ಯೆಸ್ಟರ್‌ಡೇ.’ ಇದು ತಪ್ಪು ಅಂತ ಹೇಳಿದರೆ ಎಷ್ಟೋ ಜನರಿಗೆ ಯಾಕೆ ಅಂತ ತಿಳಿಯುವುದಿಲ್ಲ. ತಿಳಿಯದಿರುವುದು ಸಹಜ. ‘ನಿನ್ನೆಯೇ ಕಳಿಸಿದ್ದೇನೆ’ ಅನ್ನುವುದು ಕನ್ನಡದಲ್ಲಿ ಅಚ್ಚುಕಟ್ಟಾದ ವಾಕ್ಯ. ‘ಇದ್ದೇನೆ’ ಇರುವ ಕಡೆ ‘ನಿನ್ನೆ’ ಧಾರಾಳವಾಗಿ ಬರಬಹುದು. ಇಂಗ್ಲಿಷಿನಲ್ಲಿ ‘ಹ್ಯಾವ್’ ಸೇರಿಸಿದ ಕ್ರಿಯಾಪದ ಈ ಹೊತ್ತಿಗೆ ಅಂಟಿಕೊಂಡಿರುತ್ತದೆ. ಮುಗಿದುಹೋದ ಸಮಯವನ್ನು ಹೆಸರಿಸಿದರೆ ಅದು ಸಹಿಸುವುದಿಲ್ಲ. ನಿನ್ನೆ, ಹೋದ ವಾರ, 2019ರಲ್ಲಿ, ಹತ್ತು ಗಂಟೆಗೆ ಅನ್ನುವ ಯಾವುದಾದರೂ ಮಾತು ವಾಕ್ಯದಲ್ಲಿ ಇದೆಯಾ ನೋಡಿ. ಇದ್ದರೆ ‘ಹ್ಯಾವ್’ ತೆಗೆದುಹಾಕಿ. ‘ಐ ಸೆಂಟ್ ಇಟ್ ಯೆಸ್ಟರ್‌ಡೇ.’

‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2019’ ಇದರ ಅವಳಿ. ‘2019ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬ ವಾಕ್ಯದ ಪ್ರತಿ ಮಾತೂ ಅದರಲ್ಲಿ ಕೂತಿದೆ. ಇಲ್ಲಿ ಮೊದಲಿನದಕ್ಕೆ ತಿರುಗುಮುರುಗು. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿದೆ ಅನ್ನುವುದಕ್ಕೆ ಇಂಗ್ಲಿಷ್ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು ಅನ್ನುತ್ತದೆ.

ಇವೆರಡೂ ಎರಡನೇ ದರ್ಜೆಯವು. ಓದಿದವರಿಗೆ ಅರ್ಥವಾಗುತ್ತದೆ. ಆದರೆ ‘ಹ್ಯಾವ್’ ಹಾಕುವುದರಿಂದ ಅರ್ಥವೇ ಬದಲಾಗುವ ಒಂದು ಜಾಗ ಇದೆ, ಅದು ಕೆಲಸದ ಅರ್ಜಿ. ‘ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಅಂದರೆ ಈಗಲೂ ಅಲ್ಲೇ ಇದ್ದೀರಿ ಅಂತ ಓದಿಕೊಳ್ಳುತ್ತಾರೆ. ‘ಐ ವರ್ಕ್ಡ್ ದೇರ್’ ಅಂದರೆ ಬಿಟ್ಟಿದ್ದೀರಿ. ಕೆಲಸ ಬಿಟ್ಟಾಗಿದೆ, ನೋಟಿಸ್ ಪೀರಿಯಡ್ ಇಲ್ಲ, ನಾಳೆಯೇ ಸೇರಬಲ್ಲೆ ಅನ್ನುವವರಿಗೆ ಈ ಒಂದು ಪದ ದುಬಾರಿ.

‘ಹ್ಯಾಡ್’ ಬಗ್ಗೆಯೂ ಎರಡು ಮಾತು. ‘ಐ ಹ್ಯಾಡ್ ಸೆಂಟ್ ಯು ಎ ಮೇಲ್’ ಅಂತ ನಿಲ್ಲಿಸಿದರೆ ಓದುವವರು ಮುಂದೇನು ಅಂತ ಕಾಯುತ್ತಾರೆ. ‘ಹ್ಯಾಡ್’ ಬರುವುದು ಇನ್ನೊಂದು ಘಟನೆಗಿಂತ ಮೊದಲು ನಡೆದದ್ದಕ್ಕೆ. ‘ನಿಮಗೆ ಮೇಲ್ ಕಳಿಸಿದ್ದೆ’ ಕನ್ನಡದಲ್ಲಿ ಒಂಟಿಯಾಗಿ ನಿಲ್ಲುತ್ತದೆ, ಇಂಗ್ಲಿಷಿನಲ್ಲಿ ನಿಲ್ಲುವುದಿಲ್ಲ. ಎರಡನೇ ಘಟನೆ ವಾಕ್ಯದಲ್ಲೂ ಇಲ್ಲ, ಅದರ ಹಿಂದುಮುಂದಿನ ಸಾಲುಗಳಲ್ಲೂ ಇಲ್ಲ ಅಂದರೆ ‘ಹ್ಯಾಡ್’ ಬೇಡ.

ಲಕ್ಷಣ: ‘ಎ’ ಬೇಕೋ ‘ದ’ ಬೇಕೋ ಗೊತ್ತಾಗುತ್ತಿಲ್ಲ

ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಅದಕ್ಕೇ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಆರ್ಟಿಕಲ್ ಮಾಡುವ ಕೆಲಸವನ್ನು ಕನ್ನಡ ಬೇರೆ ದಾರಿಯಲ್ಲಿ ಮಾಡುತ್ತದೆ. ಆ ದಾರಿ ಗೊತ್ತಾದರೆ ಪರೀಕ್ಷೆ ಕೈಗೆ ಸಿಕ್ಕ ಹಾಗೆ.

ಈ ಎರಡು ವಾಕ್ಯ ಓದಿ. ‘ಅವನು ಕಾರ್ ತಗೊಂಡ.’ ‘ಅವನು ಕಾರನ್ನು ತಗೊಂಡ.’ ಮೊದಲನೆಯದು ಕೇಳಿದರೆ ಹೊಸ ಕಾರ್ ಕೊಂಡಿದ್ದಾನೆ, ಯಾವ ಕಾರ್ ಅಂತ ನಿಮಗಿನ್ನೂ ಗೊತ್ತಿಲ್ಲ. ಎರಡನೆಯದರಲ್ಲಿ ಯಾವುದೋ ಒಂದು ಗೊತ್ತಿರುವ ಕಾರ್ ಕಣ್ಣ ಮುಂದೆ ಬರುತ್ತದೆ, ಮನೆಯ ಕಾರೋ, ಆಗಲೇ ಮಾತಾಡಿದ ಕಾರೋ. ವ್ಯತ್ಯಾಸ ಇರುವುದು ‘ಅನ್ನು’ ಎಂಬ ಪ್ರತ್ಯಯದಲ್ಲಿ. ಇಂಗ್ಲಿಷಿನಲ್ಲಿ ಮೊದಲನೆಯದು ‘ಎ ಕಾರ್’, ಎರಡನೆಯದು ‘ದ ಕಾರ್’.

ಹಾಗಾದರೆ ಹೀಗೆ ಮಾಡಿ. ನಿಮ್ಮ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿ. ವಸ್ತುವಿನ ಹೆಸರಿಗೆ ‘ಅನ್ನು’ ಸೇರಿಸಿದರೆ ಸಹಜವಾಗಿದೆಯಾ, ಹಿಂದೆ ‘ಆ’ ಇಟ್ಟರೆ ಹೊಂದುತ್ತದಾ? ಹೊಂದಿದರೆ ‘ದ’. ‘ಒಂದು’ ಇಟ್ಟರೆ ಹೊಂದುತ್ತದೆ ಅಂದರೆ ‘ಎ’. ‘ರಿಪೋರ್ಟ್ ಬರೀಬೇಕು’ ಅಂದರೆ ‘ಎ ರಿಪೋರ್ಟ್’. ‘ರಿಪೋರ್ಟನ್ನು ನಾಳೆ ಕೊಡುತ್ತೇನೆ’ ಅಂದರೆ ‘ದ ರಿಪೋರ್ಟ್’.

ಈ ಪರೀಕ್ಷೆ ಕೈಕೊಡುವ ಜಾಗಗಳೂ ಇವೆ. ಮನುಷ್ಯರನ್ನು ಸೂಚಿಸುವ ಪದಗಳಿಗೆ ಕನ್ನಡ ಹೇಗೂ ‘ಅನ್ನು’ ಕೇಳುತ್ತದೆ. ‘ಡಾಕ್ಟರನ್ನು ನೋಡಬೇಕು’ ಅಂದಾಗ ಯಾರೋ ಒಬ್ಬ ಡಾಕ್ಟರ್ ಆದರೂ ಸರಿ. ಅಲ್ಲಿ ‘ಆ’ ಮತ್ತು ‘ಒಬ್ಬ’ ಮಾತ್ರ ನಂಬಿ. ಸ್ಥಳದ ಹೆಸರುಗಳಿಗೆ ಯಾವ ಪರೀಕ್ಷೆಯೂ ಇಲ್ಲ, ರೂಢಿ ಕಲಿಯಬೇಕು. ನದಿಗಳಿಗೆ, ಪರ್ವತ ಸಾಲುಗಳಿಗೆ ‘ದ’ ಬರುತ್ತದೆ: ‘ದ ಕಾವೇರಿ’, ‘ದ ವೆಸ್ಟರ್ನ್ ಘಾಟ್ಸ್’. ಊರಿಗೆ ಬರುವುದಿಲ್ಲ. ಆಸ್ಪತ್ರೆಗೆ ದಾಖಲಾದವರನ್ನು ಬ್ರಿಟಿಷರು ‘ಇನ್ ಹಾಸ್ಪಿಟಲ್’ ಅಂದರೆ ಅಮೆರಿಕದವರು ‘ಇನ್ ದ ಹಾಸ್ಪಿಟಲ್’ ಅನ್ನುತ್ತಾರೆ. ಇದಕ್ಕಾಗಿ ಒಬ್ಬರನ್ನೊಬ್ಬರು ತಿದ್ದುವ ಅಗತ್ಯ ಇಲ್ಲ.

ಲಕ್ಷಣ: ಪ್ರಶ್ನೆಯ ಒಳಗೆ ಪ್ರಶ್ನೆ

‘ಪ್ಲೀಸ್ ಟೆಲ್ ಮಿ ವೇರ್ ಈಸ್ ದ ಫೈಲ್.’ ಕನ್ನಡದಲ್ಲಿ ‘ಫೈಲ್ ಎಲ್ಲಿದೆ?’ ಅನ್ನುವುದೂ ‘ಫೈಲ್ ಎಲ್ಲಿದೆ ಹೇಳಿ’ ಅನ್ನುವುದೂ ಒಂದೇ ಜೋಡಣೆ. ಕೊನೆಗೆ ‘ಹೇಳಿ’ ಅಂಟಿಸಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಹೋದ ಕೂಡಲೇ ಪದಗಳು ಮಾಮೂಲಿ ಜಾಗಕ್ಕೆ ಮರಳುತ್ತವೆ: ‘ಟೆಲ್ ಮಿ ವೇರ್ ದ ಫೈಲ್ ಈಸ್.’ ‘ಲೆಟ್ ಮಿ ನೋ ವೆನ್ ವಿಲ್ ಯು ಕಮ್’ ಅಲ್ಲ, ‘ವೆನ್ ಯು ವಿಲ್ ಕಮ್’. ‘ಟೆಲ್ ಮಿ’, ‘ಲೆಟ್ ಮಿ ನೋ’, ‘ಐ ವಾಂಟ್ ಟು ನೋ’ ಇವುಗಳಿಂದ ವಾಕ್ಯ ಶುರುವಾದರೆ ಒಂದು ಸಲ ನಿಂತು ನೋಡಿ.

‘ಯು ಆರ್ ಕಮಿಂಗ್, ಇಸಂಟ್ ಇಟ್?’ ನಮ್ಮ ‘ಅಲ್ವಾ’ದ ಕೊಡುಗೆ. ‘ಅಲ್ವಾ’ ಯಾವ ವಾಕ್ಯಕ್ಕಾದರೂ ಹೊಂದುತ್ತದೆ. ಇಂಗ್ಲಿಷ್ ಪ್ರತಿ ಸಲವೂ ಹೊಸದು ಕೇಳುತ್ತದೆ: ‘ಆರಂಟ್ ಯು’, ‘ಡಿಡಂಟ್ ಹಿ’, ‘ಕಾಂಟ್ ದೇ’. ಲಂಡನ್ನಿನ ಹುಡುಗರೇ ‘ಇನಿಟ್’ ಅಂತ ಒಂದೇ ಮಾತನ್ನು ಎಲ್ಲ ಕಡೆ ಬಳಸುತ್ತಾರೆ. ಮಾತಿನಲ್ಲಿ ಇದನ್ನು ಹಿಡಿದು ಜಗ್ಗಬೇಡಿ. ಬರೆಯುವಾಗ ‘ರೈಟ್?’ ಸಾಕು.

ಲಕ್ಷಣ: ‘ಓನ್ಲಿ’ ಮತ್ತು ‘ಇಟ್‌ಸೆಲ್ಫ್’ ಎಲ್ಲೆಲ್ಲೂ

‘ಐ ಆಮ್ ಇನ್ ಬ್ಯಾಂಗಲೋರ್ ಓನ್ಲಿ.’ ‘ಟುಡೇ ಇಟ್‌ಸೆಲ್ಫ್ ಐ ವಿಲ್ ಫಿನಿಶ್.’ ಎರಡರ ಹಿಂದೆಯೂ ಇರುವುದು ಕನ್ನಡದ ಪುಟ್ಟ ‘ಏ’. ಬೆಂಗಳೂರಿನಲ್ಲೇ, ಇವತ್ತೇ, ಅವನೇ. ಒಂದೇ ಅಕ್ಷರ ನಮಗೆ ಎಷ್ಟು ಕೆಲಸ ಮಾಡಿಕೊಡುತ್ತದೆ! ಬೇರೆಲ್ಲೂ ಅಲ್ಲ ಅನ್ನುತ್ತದೆ, ಒತ್ತಿ ಹೇಳುತ್ತದೆ, ಸಂಶಯ ಕಳೆಯುತ್ತದೆ. ಇಂಗ್ಲಿಷಿನಲ್ಲಿ ಇಷ್ಟೆಲ್ಲ ಹೊರುವ ಒಂದು ಪದ ಇಲ್ಲ. ‘ಓನ್ಲಿ’ ಅಂದರೆ ಅದಿಷ್ಟೇ, ಮತ್ತೇನಿಲ್ಲ ಅಂತ ಮಾತ್ರ.

ಹಾಗಾಗಿ ‘ಏ’ ಯಾವ ಕೆಲಸಕ್ಕೆ ಬಂದಿದೆ ಅಂತ ಮೊದಲು ಕೇಳಿಕೊಳ್ಳಬೇಕು. ‘ಇಲ್ಲೇ ಇದ್ದೇನೆ’ ಅಂದರೆ ‘ರೈಟ್ ಹಿಯರ್’. ‘ಅವನೇ ಹೇಳಿದ’ ಅಂದರೆ ‘ಹಿ ಹಿಮ್‌ಸೆಲ್ಫ್ ಟೋಲ್ಡ್ ಮಿ’. ‘ಇನ್ನೂ ಬೆಂಗಳೂರಿನಲ್ಲೇ ಇದ್ದೇನೆ’ ಅಂದರೆ ‘ಐ ಆಮ್ ಸ್ಟಿಲ್ ಇನ್ ಬ್ಯಾಂಗಲೋರ್’. ‘ಇವತ್ತೇ ಮುಗಿಸುತ್ತೇನೆ’ ಅನ್ನುವುದಕ್ಕೆ ‘ಟುಡೇ’ ಒಂದೇ ಸಾಕು, ಒತ್ತು ಬೇಕೇ ಬೇಕು ಅಂದರೆ ‘ಬಿಫೋರ್ ದ ಡೇ ಈಸ್ ಔಟ್’. ‘ಇವತ್ತೇ ನೋಡಿದೆ’ ಅನ್ನುವಲ್ಲಿ ಮಾತ್ರ ‘ಓನ್ಲಿ’ ಸರಿ: ‘ಐ ಸಾ ಇಟ್ ಓನ್ಲಿ ಟುಡೇ’, ಇದಕ್ಕೆ ಮೊದಲು ನೋಡಿರಲಿಲ್ಲ.

ಸಣ್ಣಪುಟ್ಟ ರಿಪೇರಿಗಳು

‘ಡಿಸ್ಕಸ್ ಅಬೌಟ್’: ‘ಬಗ್ಗೆ’ ಎಂಬುದು ಜೊತೆಗೆ ಬಂದಿದೆ, ತೆಗೆಯಿರಿ. ‘ರಿಟರ್ನ್ ಬ್ಯಾಕ್’, ‘ರಿಪ್ಲೈ ಬ್ಯಾಕ್’: ‘ವಾಪಸ್’ ಜೊತೆಗೆ ಬಂದಿದೆ, ಅದನ್ನೂ ತೆಗೆಯಿರಿ. ‘ಅಡ್ವೈಸಸ್’, ‘ಇನ್‌ಫರ್ಮೇಶನ್ಸ್’, ‘ಫರ್ನಿಚರ್ಸ್’: ಸಲಹೆಗಳು, ಮಾಹಿತಿಗಳು ಅಂತ ಕನ್ನಡದಲ್ಲಿ ಎಣಿಸಬಹುದು, ಇಂಗ್ಲಿಷಿನಲ್ಲಿ ಇವು ಎಣಿಕೆಗೆ ಸಿಗದ ಪದಗಳು. ‘ಒನ್ ಆಫ್ ಮೈ ಫ್ರೆಂಡ್’: ‘ನನ್ನ ಒಬ್ಬ ಫ್ರೆಂಡ್’ ಅಂತ ನಾವು ಹೇಳುವುದರಿಂದ ಏಕವಚನ ಉಳಿದುಕೊಂಡಿದೆ, ಹಲವರಲ್ಲಿ ಒಬ್ಬ ಅನ್ನುವುದರಿಂದ ‘ಫ್ರೆಂಡ್ಸ್’ ಆಗಬೇಕು. ‘ಡಿಡಂಟ್ ವೆಂಟ್’: ‘ಡಿಡ್’ ಬಂದ ಮೇಲೆ ಕಾಲದ ಕೆಲಸ ಮುಗಿಯಿತು, ‘ಗೋ’ ಸಾಕು. ‘ಮೈಸೆಲ್ಫ್ ಮಂಜುನಾಥ್’: ‘ನಾನು ಮಂಜುನಾಥ್’ ಅನ್ನುವಾಗ ಕ್ರಿಯಾಪದ ಬೇಕಿಲ್ಲ, ಇಂಗ್ಲಿಷಿಗೆ ‘ಆಮ್’ ಬೇಕೇ ಬೇಕು.

ಕಾಗುಣಿತದಲ್ಲಿ ಒಂದು ದೋಷದ ಮೂಲ ನಮ್ಮ ಕಿವಿಯಲ್ಲಿದೆ. ಸೋಲು, ಕಳೆದುಕೊಳ್ಳು ಎಂಬ ಅರ್ಥದ ‘ಲೂಸ್’ ಮತ್ತು ಸಡಿಲ ಎಂಬ ಅರ್ಥದ ‘ಲೂಸ್’ ಇಂಗ್ಲಿಷರ ಬಾಯಲ್ಲಿ ಬೇರೆ ಬೇರೆ. ಮೊದಲನೆಯದರ ಕೊನೆಗೆ ಜ಼ ಸದ್ದು ಇದೆ. ಅಚ್ಚ ಕನ್ನಡಕ್ಕೆ ಆ ಸದ್ದು ಇಲ್ಲ. ಹಾಗಾಗಿ ಎರಡೂ ಒಂದೇ ಆಗಿ ಕೇಳಿಸುತ್ತವೆ, ಬರೆಯುವಾಗ ಅದಲುಬದಲಾಗುತ್ತವೆ. ಕಳೆದುಕೊಳ್ಳುವುದರಲ್ಲಿ ‘ಓ’ ಅಕ್ಷರ ಒಂದೇ, ಸಡಿಲಕ್ಕೆ ಎರಡು. ಸಲಹೆ ಎಂಬ ನಾಮಪದ ಮತ್ತು ಸಲಹೆ ಕೊಡು ಎಂಬ ಕ್ರಿಯಾಪದದ ಗೊಂದಲವೂ ಇದೇ ಕಾರಣದ್ದು. ನಾಮಪದಕ್ಕೆ ‘ಸಿ’, ಕ್ರಿಯಾಪದಕ್ಕೆ ‘ಎಸ್’.

‘ಇಟ್ಸ್’ ಮಾತ್ರ ಎಲ್ಲ ದೇಶದವರಿಗೂ ಒಂದೇ ತಲೆನೋವು, ಇಂಗ್ಲಿಷ್ ಮಾತೃಭಾಷೆಯವರಿಗೂ ಸೇರಿ. ಪರೀಕ್ಷೆ ಸರಳ. ಅಪಾಸ್ಟ್ರಫಿ ಇರುವ ‘ಇಟ್ಸ್’ ಕಂಡರೆ ಅದನ್ನು ಬಿಡಿಸಿ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಅಂತ ಓದಿ. ವಾಕ್ಯ ನಿಂತರೆ ಗುರುತು ಇರಲಿ. ಬಿದ್ದರೆ ಗುರುತು ತೆಗೆಯಿರಿ, ಅಲ್ಲಿ ‘ಅದರ’ ಎಂಬ ಅರ್ಥ ಬೇಕಾಗಿದೆ.

ಲಕ್ಷಣ: ಯಾರು ಮಾಡಿದರು ಅಂತ ತಿಳಿಯುತ್ತಿಲ್ಲ

‘ವೈಟಿಂಗ್ ಫಾರ್ ದ ಬಸ್, ಮೈ ಫೋನ್ ವಾಸ್ ಸ್ಟೋಲನ್.’ ಇಂಥ ವಾಕ್ಯ ಬರೆಯುವುದರಲ್ಲಿ ಇಂಗ್ಲಿಷರೇ ಮುಂದು. ಇಲ್ಲಿ ನಾವು ಅವರಿಗಿಂತ ಬೇಗ ದೋಷ ಹಿಡಿಯಬಹುದು. ಕನ್ನಡಕ್ಕೆ ತಿರುಗಿಸಿ: ‘ಬಸ್ಸಿಗೆ ಕಾಯುತ್ತಾ ನನ್ನ ಫೋನ್ ಕಳುವಾಯಿತು.’ ಕಿವಿಗೆ ಕೂಡಲೇ ಒಗ್ಗುವುದಿಲ್ಲ. ‘ಕಾಯುತ್ತಾ’ ಅಂದರೆ ಕಾದವರು ಯಾರೋ ಅವರೇ ಮುಂದಿನ ಕೆಲಸವನ್ನೂ ಮಾಡಬೇಕು. ಇಲ್ಲಿ ಬಸ್ಸಿಗೆ ಕಾದದ್ದು ಫೋನ್ ಅನ್ನುವ ಹಾಗಾಗಿದೆ. ‘ಕಾಯುತ್ತಿದ್ದಾಗ’ ಅಂತ ಬಾಯಿ ತಾನಾಗಿ ತಿದ್ದಿಕೊಳ್ಳುತ್ತದೆ. ಇಂಗ್ಲಿಷಿನಲ್ಲೂ ಅದನ್ನೇ ಮಾಡಿ: ‘ವೈಲ್ ಐ ವಾಸ್ ವೈಟಿಂಗ್’.

ಕನ್ನಡದ ಕೊನೆಯ ಪ್ರತ್ಯಯಗಳು ಎಷ್ಟು ಗಟ್ಟಿ ಪರೀಕ್ಷಕರು ಅನ್ನುವುದಕ್ಕೆ ಅಮೆರಿಕದ ಒಂದು ಮೊಕದ್ದಮೆ ನೋಡಬಹುದು. ಮೇನ್ ರಾಜ್ಯದ ಓಕ್‌ಹರ್ಸ್ಟ್ ಡೇರಿಯ ಚಾಲಕರು ಓವರ್‌ಟೈಮ್ ಹಣ ಕೇಳಿದ್ದರು. ಯಾವ ಕೆಲಸಗಳಿಗೆ ಓವರ್‌ಟೈಮ್ ಇಲ್ಲ ಎಂಬ ಪಟ್ಟಿ ಕಾನೂನಿನಲ್ಲಿತ್ತು. ಅದರ ಕೊನೆಯಲ್ಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಅಂತಿತ್ತು, ‘ಆರ್’ ಮುಂಚೆ ಅಲ್ಪವಿರಾಮ ಇರಲಿಲ್ಲ. ಹಂಚುವುದು ಬೇರೆಯೇ ಕೆಲಸವೋ, ಹಂಚುವುದಕ್ಕೆ ಪ್ಯಾಕ್ ಮಾಡುವುದು ಅಂತಲೋ? ಚಾಲಕರು ಹಂಚುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅರ್ಥ ಸ್ಪಷ್ಟವಿಲ್ಲ ಎಂದು ಚಾಲಕರ ಪರ ನಿಂತಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅದನ್ನೇ ಕನ್ನಡದಲ್ಲಿ ಬರೆಯಲು ಹೋದರೆ ‘ಸಾಗಿಸಲು ಅಥವಾ ಹಂಚಲು ಪ್ಯಾಕ್ ಮಾಡುವುದು’ ಅನ್ನಬೇಕು, ಇಲ್ಲವೇ ‘ಸಾಗಿಸಲು ಪ್ಯಾಕ್ ಮಾಡುವುದು ಅಥವಾ ಹಂಚುವುದು’ ಅನ್ನಬೇಕು. ‘ಲು’ ಮತ್ತು ‘ವುದು’ ನಡುವೆ ಒಂದನ್ನು ಆರಿಸದೆ ವಾಕ್ಯ ಮುಗಿಯುವುದೇ ಇಲ್ಲ. ಕರಾರು ಬರೆಯುವವರು ಪಟ್ಟಿ ಇರುವ ವಾಕ್ಯಗಳನ್ನು ಒಮ್ಮೆ ಹೀಗೆ ತಿರುಗಿಸಿ ನೋಡಿ. ಎರಡು ಕನ್ನಡ ವಾಕ್ಯ ಹುಟ್ಟಿದರೆ ಇಂಗ್ಲಿಷ್ ವಾಕ್ಯ ಕೆಟ್ಟಿದೆ ಎಂದೇ ಲೆಕ್ಕ.

ದೋಷವೇ ಇಲ್ಲದ ಕಡೆ ರಿಪೇರಿ ಬೇಡ

ಈಗ ಜನ ಸಿಡುಕುವ ಪಟ್ಟಿಗೆ ಬರೋಣ.

ವಾಕ್ಯವನ್ನು ‘ವಿತ್’, ‘ಟು’, ‘ಫಾರ್’ನಿಂದ ಮುಗಿಸಬಾರದು ಅನ್ನುವ ಮಾತು ಹಳೆಯದು. 1672ರಲ್ಲಿ ಕವಿ ಜಾನ್ ಡ್ರೈಡನ್ ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್‌ನ ಬರವಣಿಗೆಯಲ್ಲಿ ಇದನ್ನು ತಪ್ಪು ಎಂದು ಎತ್ತಿ ತೋರಿಸಿದ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಹೆಸರಿಗೆ ಈ ನಿಷೇಧವನ್ನು ಹೊರಿಸುತ್ತಾರೆ. ಲೌತ್ ನಿಷೇಧಿಸಲಿಲ್ಲ. ಮಾತಿನಲ್ಲಿ ಇದು ಸಾಮಾನ್ಯ, ಗಂಭೀರ ಬರವಣಿಗೆಯಲ್ಲಿ ಇನ್ನೊಂದು ಕ್ರಮ ಹೆಚ್ಚು ಚೆನ್ನ ಅಂದರು ಅಷ್ಟೇ. ಹಾಗೆ ಹೇಳಿದ ವಾಕ್ಯದಲ್ಲೇ ಅವರು ಒಂದು ಭಾಗವನ್ನು ‘ಟು’ ಪದದಿಂದ ಮುಗಿಸಿದ್ದರು. ‘ಹೂಮ್ ಶುಡ್ ಐ ಟಾಕ್ ಟು’ ಅಂತ ಕೇಳಿದವರನ್ನು ತಡೆದು ನಿಲ್ಲಿಸುವುದಕ್ಕೆ ಇಲ್ಲಿ ಏನೂ ಆಧಾರವಿಲ್ಲ.

‘ಟು’ ಮತ್ತು ಕ್ರಿಯಾಪದದ ನಡುವೆ ಬೇರೆ ಪದ ಬರಬಾರದು ಅನ್ನುವುದು ಹತ್ತೊಂಬತ್ತನೇ ಶತಮಾನದ ಆಕ್ಷೇಪ. 1864ರಲ್ಲಿ ಇಂಗ್ಲೆಂಡಿನ ಪಾದ್ರಿ ಹೆನ್ರಿ ಆಲ್ಫರ್ಡ್ ಹಾಗೆ ಪದ ಸೇರಿಸುವುದನ್ನು ಟೀಕಿಸಿದ್ದರು. ‘ಟು ರಿಯಲಿ ಅಂಡರ್‌ಸ್ಟ್ಯಾಂಡ್’ ಅನ್ನುವಲ್ಲಿ ‘ರಿಯಲಿ’ಯನ್ನು ಬೇರೆಲ್ಲಿಟ್ಟರೂ ಒತ್ತು ಹಾಳಾಗುತ್ತದೆ. ಇದ್ದಲ್ಲೇ ಇರಲಿ.

ಎಣಿಸುವ ವಸ್ತುಗಳಿಗೆ ‘ಲೆಸ್’ ಬಾರದು, ‘ಫ್ಯೂವರ್’ ಬೇಕು ಅನ್ನುವುದು 1770ರಲ್ಲಿ ರಾಬರ್ಟ್ ಬೇಕರ್ ಎಂಬುವರು ತಮಗೆ ಹೀಗೆ ಚೆನ್ನ ಅನ್ನಿಸುತ್ತದೆ ಎಂದು ಬರೆದ ಮಾತಿನಿಂದ ಬೆಳೆದದ್ದು. ಬ್ರಿಟನ್ನಿನ ಟೆಸ್ಕೊ ಅಂಗಡಿಗಳು 2008ರಲ್ಲಿ ‘ಟೆನ್ ಐಟಮ್ಸ್ ಆರ್ ಲೆಸ್’ ಎಂಬ ಫಲಕ ತೆಗೆದು ‘ಅಪ್ ಟು ಟೆನ್ ಐಟಮ್ಸ್’ ಅಂತ ಹಾಕಿದವು. ಪರೀಕ್ಷೆ, ಅರ್ಜಿಗಳಲ್ಲಿ ‘ಫ್ಯೂವರ್’ ಬಳಸಿ, ಸುಮ್ನೆ ಅಂಕ ಕಳೆದುಕೊಳ್ಳುವುದು ಬೇಡ. ಉಳಿದ ಕಡೆ ಯಾರಿಗೂ ಅರ್ಥ ತಪ್ಪುವುದಿಲ್ಲ.

ಒಬ್ಬರಿಗೆ ‘ದೇ’ ಬಳಸುವುದರ ಮೇಲೆ ಇನ್ನೂ ಜಗಳ ನಡೆಯುತ್ತಿದೆ. ಈ ಬಳಕೆ ಹದಿನಾಲ್ಕನೇ ಶತಮಾನದಿಂದ ಇದೆ. 2019ರಲ್ಲಿ ಮೆರಿಯಮ್ ವೆಬ್‌ಸ್ಟರ್ ನಿಘಂಟು ‘ದೇ’ಯನ್ನು ವರ್ಷದ ಪದವೆಂದು ಆರಿಸಿತು. ಕನ್ನಡಿಗರಂತೂ ಇದಕ್ಕೆ ಬೆಚ್ಚಬೇಕಿಲ್ಲ. ‘ಯಾರೋ ಫೋನ್ ಮಾಡಿದ್ದರು’ ಅನ್ನುವಾಗ ಮಾಡಿದವರು ಒಬ್ಬರೇ, ಗಂಡೋ ಹೆಣ್ಣೋ ಗೊತ್ತಿಲ್ಲ, ಬಹುವಚನ ತಾನಾಗಿ ಬಂದಿದೆ. ‘ಸಮ್‌ಒನ್ ಕಾಲ್ಡ್, ದೇ ಲೆಫ್ಟ್ ನೋ ನೇಮ್’ ಅದೇ ವಾಕ್ಯ.

ಇನ್ನು ‘ಪ್ರಿಪೋನ್’. ಮೀಟಿಂಗ್ ಮುಂದಕ್ಕೆ ಹಾಕುವುದಕ್ಕೆ ಇಂಗ್ಲಿಷಿನಲ್ಲಿ ‘ಪೋಸ್ಟ್‌ಪೋನ್’ ಇದೆ. ಹಿಂದಕ್ಕೆ ತರುವುದಕ್ಕೆ ಅದರ ಜೋಡಿ ಪದ ರೂಢಿಯಲ್ಲಿರಲಿಲ್ಲ, ನಮ್ಮವರು ಬಳಕೆಗೆ ತಂದರು. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಮೊದಲ ಸಲ ಓದುವವರಿಗೂ ಅರ್ಥ ಹೊಳೆಯುತ್ತದೆ. ‘ಡೂ ದ ನೀಡ್‌ಫುಲ್’ ಹಳೆಯ ಬ್ರಿಟಿಷ್ ಕಚೇರಿ ಮಾತು, ಅವರು ಬಿಟ್ಟರು, ನಾವು ಉಳಿಸಿಕೊಂಡಿದ್ದೇವೆ. ಅದರಲ್ಲಿ ವ್ಯಾಕರಣ ದೋಷ ಇಲ್ಲ. ಬೇರೆ ಒಂದು ಕೊರತೆ ಇದೆ: ಏನು ಮಾಡಬೇಕು ಅಂತ ಅದು ಹೇಳುವುದಿಲ್ಲ. ‘ಪ್ಲೀಸ್ ಸೈನ್ ಪೇಜ್ ತ್ರೀ ಬೈ ಫ್ರೈಡೇ’ ಅಂತ ಬರೆದರೆ ಕೆಲಸ ಬೇಗ ಆಗುತ್ತದೆ.

ಕಂಪ್ಯೂಟರಿನ ತಿದ್ದುಗಾರರನ್ನು ಎಷ್ಟು ನಂಬಬೇಕು?

ವರ್ಡ್‌ನಂಥ ತಂತ್ರಾಂಶಗಳು ಕೆಳಗೆ ಎಳೆಯುವ ಗೆರೆಗಳು ಕಾಗುಣಿತಕ್ಕೆ, ‘ಡಿಡಂಟ್ ವೆಂಟ್’ ಥರದ್ದಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ತಪ್ಪು ಜಾಗದಲ್ಲಿ ಬಂದ ‘ಯೆಸ್’ಗೆ ಗೆರೆ ಬೀಳುವುದಿಲ್ಲ. ‘ಐ ಹ್ಯಾವ್ ಎ ಡೌಟ್’, ‘ಪ್ಲೀಸ್ ರಿವರ್ಟ್’ ಇವೂ ವ್ಯಾಕರಣದ ಲೆಕ್ಕದಲ್ಲಿ ಸರಿಯಾದ ವಾಕ್ಯಗಳು, ಹಾಗಾಗಿ ಸಲೀಸಾಗಿ ದಾಟಿಹೋಗುತ್ತವೆ. ಇದಕ್ಕೆ ಬದಲು ದೋಷವಿಲ್ಲದ ಕಡೆ ಎಷ್ಟೋ ಸಲ ಗೆರೆ ಬೀಳುತ್ತದೆ. ವರ್ಡ್‌ನಲ್ಲಿ ಭಾಷೆಯನ್ನು ‘ಇಂಗ್ಲಿಷ್, ಇಂಡಿಯಾ’ ಎಂದು ಆರಿಸಿಕೊಂಡರೆ ಅಮೆರಿಕದ ಕಾಗುಣಿತ ಅಲ್ಲ ಎಂಬ ಕಾರಣಕ್ಕೆ ಬೀಳುವ ಗೆರೆಗಳು ನಿಲ್ಲುತ್ತವೆ. ವ್ಯಾಕರಣದ ಸೆಟ್ಟಿಂಗ್‌ನಲ್ಲಿ ಬೇಡದ ನಿಯಮಗಳ ಗುರುತನ್ನೂ ತೆಗೆಯಬಹುದು. ಅದಾದ ಮೇಲೆ ಮೇಲ್ ಹೊರಗೆ ಹೋಗುವ ಮುಂಚೆ ನೀವೇ ನೋಡಬೇಕಾದದ್ದು ಮೂರು: ಇಲ್ಲ ಎಂಬ ಪ್ರಶ್ನೆಗೆ ಕೊಟ್ಟ ಒಂದೇ ಪದದ ಉತ್ತರ, ‘ನಿನ್ನೆ’ಯ ಪಕ್ಕ ಕೂತ ‘ಹ್ಯಾವ್’, ಮತ್ತು ದೇಶ ದಾಟಿದರೆ ಅರ್ಥ ಬದಲಾಗುವ ಪದ.